ಕಡತಕ್ಕೆ ಏರದ ಆದೇಶಗಳು

ಮಾನ್ಯ ಸಂಪಾದಕರಿಗೆ,

‘ಆಡಳಿತ ಮಾಡುವವರು ಮಠದಲ್ಲಿ ಕೂತಿಲ್ಲ. ಜನರಿಗೆ ಒಳ್ಳೇದಾಗೋದಿದ್ದರೆ ದಾರಿ ಸ್ವಲ್ಪ ಅಡ್ಡ ಆದರೂ ನಡೀತದ’ ಎಂಬ ಮಾತನ್ನು ನಮ್ಮ ಕಡೆ ಎಲ್ಲ ಪಕ್ಷದವರೂ ಆಡುತ್ತಾರೆ. ಹೌದೆಂದು ತಲೆಯಾಡಿಸುವವರೂ ಬಹಳ. ಇದಕ್ಕೆ ನೀತಿಬೋಧೆಯ ಉತ್ತರ ಕೊಟ್ಟು ಪ್ರಯೋಜನವಿಲ್ಲ. ಅಡ್ಡದಾರಿ ಸರ್ಕಾರದ ಒಳಗೆ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಹೊರಟು ಯಾರ ಹೊಲಕ್ಕೆ ಮುಟ್ಟುತ್ತದೆ ಎಂದು ತೋರಿಸಬೇಕು. ನಮ್ಮ ಭಾಗದಲ್ಲಿ ಅದನ್ನು ತೋರಿಸಲು ತುಂಗಭದ್ರಾ ಎಡದಂಡೆ ಕಾಲುವೆಗಿಂತ ಸ್ಪಷ್ಟವಾದ ಜಾಗ ಇನ್ನೊಂದಿಲ್ಲ.

ಮುನಿರಾಬಾದಿನಲ್ಲಿ ಹೊರಡುವ ಈ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರವಾರ ದಾಟಿ ರಾಯಚೂರು ತಾಲ್ಲೂಕಿನವರೆಗೆ 227 ಕಿ.ಮೀ. ಹರಿಯಬೇಕು. ಮೊದಲು ನೀರು ತುಂಬಿದಾಗ ಜಲಾಶಯದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗಿನ ಲೆಕ್ಕ 105.788 ಟಿಎಂಸಿ. ಯೋಜನೆ ಮಾಡಿದವರು ಈ ಕಾಲುವೆಯ ಬಹುಪಾಲು ಅಚ್ಚುಕಟ್ಟನ್ನು ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳಿಗೆ ಗೊತ್ತು ಮಾಡಿದ್ದರು, ಭತ್ತಕ್ಕಲ್ಲ. ಅದಕ್ಕೆ ಲೆಕ್ಕವಿದೆ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಭತ್ತಕ್ಕೆ ಬೆಳೆ ಪೂರ್ತಿ 1.2 ಮೀಟರ್ ಆಳದ ನೀರು ಬೇಕೆಂದು ಹಿಡಿದರೆ ಅದು ಸುಮಾರು 5,800 ಎಕರೆಗೆ ಆಗುತ್ತದೆ. ಅದರರ್ಧ ನೀರು ಕುಡಿಯುವ ಬೆಳೆಗೆ ಇದರ ದುಪ್ಪಟ್ಟು ಎಕರೆ. ಭತ್ತ ಎಲ್ಲಿಯವರೆಗೆ ಹರಡುತ್ತದೋ ಅಲ್ಲಿಂದ ಮುಂದಕ್ಕೆ ಯಾರದೋ ಹೊಲ ಒಣಗಲೇಬೇಕು.

ಈಗ ಅಡ್ಡದಾರಿಯ ಲೆಕ್ಕ ನೋಡೋಣ. ಕಾಲುವೆ ದಂಡೆಯ ಮೇಲೆ ಅಕ್ರಮವಾಗಿ ಕೂರಿಸಿದ 10 ಎಚ್‌ಪಿ ಮೋಟಾರು ಹದಿನೈದು ಮೀಟರ್ ಎತ್ತರಕ್ಕೆ ನೀರು ಎತ್ತಿದರೂ ಸೆಕೆಂಡಿಗೆ 28–30 ಲೀಟರ್ ಎಳೆಯುತ್ತದೆ. ಅಂದರೆ ಹೆಚ್ಚುಕಡಿಮೆ ಒಂದು ಕ್ಯೂಸೆಕ್. ಇಂಥ ನೂರು ಮೋಟಾರು ಹಗಲಿರುಳು ಓಡಿದರೆ ನೂರು ಕ್ಯೂಸೆಕ್ ಹೋಯಿತು. ದಂಡೆಯಡಿ ಹಾಯಿಸಿದ ಪೈಪು, ಅಗಲಿಸಿದ ತೂಬು, ಮುರಿದ ಶಟರ್, ಕಾಲುವೆ ನೀರನ್ನು ಮೊದಲು ಹೊಂಡಕ್ಕೆ ಬಿಟ್ಟುಕೊಂಡು ಅಲ್ಲಿಂದ ಎತ್ತುವ ಉಪಾಯ, ಇವೆಲ್ಲ ಬೇರೆ. ಗದ್ದೆಗೆ ದಿನಕ್ಕೆ 10 ಮಿ.ಮೀ. ಎಂದುಕೊಂಡರೆ ನೂರು ಕ್ಯೂಸೆಕ್ಕಿನಲ್ಲಿ ಮೇಲ್ಭಾಗದಲ್ಲಿ ಸುಮಾರು 6,000 ಎಕರೆ ಭತ್ತ ಬರುತ್ತದೆ. ಕೆಳಭಾಗದಲ್ಲಿ ಅದರ ಎರಡರಷ್ಟು ಎಕರೆ ಜೋಳ, ಹತ್ತಿ ಹೋಗುತ್ತದೆ. ಹೋಗುವ ರೀತಿಯನ್ನೂ ತಿಳಿಯಬೇಕು. ಕಾಲುವೆಯ ಗೇಜು, ಅಂದರೆ ನೀರಿನ ಮಟ್ಟದ ಅಳತೆ, ಸ್ವಲ್ಪ ಇಳಿದರೆ ಕೆಳಗಿನವನಿಗೆ ಸ್ವಲ್ಪ ನೀರು ಕಡಿಮೆ ಎಂದಾಗುವುದಿಲ್ಲ. ತೂಬಿನ ಬಾಯಿಯ ಮಟ್ಟಕ್ಕಿಂತ ನೀರು ಕೆಳಗಿಳಿಯಿತೋ, ಅಲ್ಲಿಗೆ ಹನಿಯೂ ಇಲ್ಲ. ಕಾಲುವೆಯ ಮೈಲ್ 69, ಮೈಲ್ 104ರಲ್ಲಿ ಸಾಕಷ್ಟು ಗೇಜಿಗಾಗಿ ರಾಯಚೂರು ಜಿಲ್ಲೆಯ ರೈತರು ವರ್ಷಾ ವರ್ಷ ರಸ್ತೆಗಿಳಿಯುವುದು ಇದಕ್ಕೇ. ಕುಡಿಯುವ ನೀರಿನ ಕೆರೆಗಳು ತುಂಬಬೇಕಾದದ್ದೂ ಇದೇ ಕಾಲುವೆಯಿಂದ.

ಮೋಟಾರು ತೆಗೆಸದಿರುವುದಕ್ಕೆ ಕೊಡುವ ಕಾರಣ ಕೆಟ್ಟದ್ದಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ‘ಅವರೂ ರೈತರೇ, ಸಾಲ ಮಾಡಿ ನಾಟಿ ಮಾಡಿದ್ದಾರೆ, ಈ ಹಂಗಾಮು ಬಿಡಿ’ ಎನ್ನುತ್ತಾರೆ. ಮೇಲ್ಭಾಗದ ರೈತ ನಮ್ಮ ಶತ್ರುವಲ್ಲ. ಅವನ ಕಷ್ಟ ನಿಜ, ಅವನನ್ನು ಕಾಪಾಡುವ ಉದ್ದೇಶವೂ ಒಳ್ಳೆಯದೇ. ಆದರೆ ಈ ಕರುಣೆಯ ಬೆಲೆಯನ್ನು ತೆರುವವರು ಯಾರು ಎಂದು ಯಾವ ಸಭೆಯಲ್ಲೂ ನಿರ್ಣಯವಾಗುವುದಿಲ್ಲ. ‘ಮೇಲ್ಭಾಗದಲ್ಲಿ ಇಷ್ಟು ಎಕರೆ ಉಳಿಸಲು ಕೆಳಭಾಗದಲ್ಲಿ ಇಷ್ಟು ಎಕರೆ ಕೈಬಿಡುತ್ತಿದ್ದೇವೆ’ ಎಂದು ಬರೆದು ಸಹಿ ಹಾಕುವ ಮಂತ್ರಿಯೂ ಇಲ್ಲ, ಎಂಜಿನಿಯರೂ ಇಲ್ಲ. ಮಾತು ಫೋನಿನಲ್ಲಿ ಮುಗಿಯುತ್ತದೆ. ಆಮೇಲೆ ಕೊನೆಭಾಗದ ರೈತ ಬೀದಿಗಿಳಿದಾಗ ಅದೇ ಸರ್ಕಾರ ಕಾಲುವೆಯುದ್ದಕ್ಕೂ ನಿಷೇಧಾಜ್ಞೆ ಹಾಕುತ್ತದೆ, ಪೊಲೀಸರನ್ನು ನಿಲ್ಲಿಸುತ್ತದೆ, ಜೆಸ್ಕಾಂನಿಂದ ದಂಡೆಯ ಪಂಪ್‌ಸೆಟ್ಟುಗಳ ಕರೆಂಟು ತೆಗೆಸುತ್ತದೆ. 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ಅಕ್ರಮವಾಗಿ ನೀರೆತ್ತುವುದಕ್ಕೆ ಶಿಕ್ಷೆಯನ್ನೂ ಹೆಚ್ಚಿಸಿದರು. ಹಂಗಾಮಿನ ಮೊದಲರ್ಧ ಕಣ್ಣುಮುಚ್ಚಿ, ಎರಡನೆಯರ್ಧ ಲಾಠಿ ಹಿಡಿದರೆ ಎರಡು ಕಡೆಯ ರೈತರಿಗೂ ಕಾನೂನಿನ ಮೇಲೆ ನಂಬಿಕೆ ಉಳಿಯುವುದಿಲ್ಲ. ಮುಂದಿನ ವರ್ಷ ಮೋಟಾರುಗಳು ಇನ್ನಷ್ಟಾಗುತ್ತವೆ, ಏಕೆಂದರೆ ಹಿಂದಿನ ವರ್ಷ ಬಿಟ್ಟಿದ್ದರು ಎಂಬುದೇ ಈ ವರ್ಷದ ಹಕ್ಕಾಗುತ್ತದೆ.

ನನ್ನ ವಾದವೆಲ್ಲ ಈ ಫೋನ್ ಕರೆಯ ಮೇಲೆ ನಿಂತಿದೆ. ರಾಜ್ಯಾಡಳಿತದಲ್ಲಿ ಕಠಿಣ ನಿರ್ಧಾರ ಬೇರೆ, ಅನೀತಿಯ ಉಪಾಯ ಬೇರೆ. ಎರಡರಿಂದಲೂ ಯಾರಿಗೋ ನೋವಾಗುತ್ತದೆ. ಕಠಿಣ ನಿರ್ಧಾರವನ್ನು ಕಾರಣ ಸಹಿತ ಕಡತದಲ್ಲಿ ಬರೆಯಬಹುದು, ನೋವುಂಡವರ ಮುಂದೆ ಓದಬಹುದು. ಅನೀತಿಯ ಉಪಾಯ ಬರೆದ ಕ್ಷಣಕ್ಕೆ ಕೆಲಸಕ್ಕೆ ಬಾರದಂತಾಗುತ್ತದೆ.

ಕಾನೂನಿಗೆ ಇದು ಗೊತ್ತಿಲ್ಲದೆ ಇಲ್ಲ. ಅಖಿಲ ಭಾರತ ಸೇವೆಗಳ 1968ರ ನಡತೆ ನಿಯಮಗಳ ಮೂರನೆಯ ನಿಯಮದ ಪ್ರಕಾರ ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಬರವಣಿಗೆಯಲ್ಲೇ ಇರಬೇಕು. ಬಾಯಿಮಾತಿನಲ್ಲಿ ಕೊಡಲೇಬೇಕಾಗಿ ಬಂದರೆ ಕೂಡಲೇ ಬರೆದು ದೃಢಪಡಿಸಬೇಕು. 2013ರ ಅಕ್ಟೋಬರ್ 31ರಂದು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಧಿಕಾರಿಗಳು ಮೌಖಿಕ ಆದೇಶದ ಮೇಲೆ ಕೆಲಸ ಮಾಡಬಾರದು, ಅಂಥ ಆದೇಶಗಳನ್ನು ದಾಖಲಿಸಬೇಕು ಎಂದು ಸ್ಪಷ್ಟವಾಗಿ ಹೇಳಿತು. ಆದರೂ ಪಾಲನೆಯಾಗುವುದಿಲ್ಲ, ಏಕೆಂದರೆ ‘ಬರೆದುಕೊಡಿ ಸಾಹೇಬರೆ’ ಎಂದ ಕೆಳಹಂತದ ನೌಕರನಿಗೆ ವರ್ಗಾವಣೆ ಕಾದಿರುತ್ತದೆ. ಬರೆಸಿಕೊಳ್ಳದೆ ಮಾಡಿದವನಿಗೆ ಮುಂದೊಂದು ದಿನ ತನಿಖೆ ಕಾದಿರುತ್ತದೆ. ಆದೇಶ ಕೊಟ್ಟವನ ಹೆಸರು ಎರಡೂ ಕಡೆ ಇರುವುದಿಲ್ಲ.

2024ರ ಮೇ ತಿಂಗಳಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಲೆಕ್ಕಪತ್ರ ವಿಭಾಗದ ಅಧಿಕಾರಿಯೊಬ್ಬರು ಜೀವ ಕಳೆದುಕೊಂಡರು. ನಿಗಮದ 187 ಕೋಟಿ ರೂಪಾಯಿ ಅನುಮತಿಯಿಲ್ಲದೆ ಬೇರೆ ಖಾತೆಗೆ ಹೋದ ಸಂಗತಿ ಹೊರಬಿದ್ದದ್ದು ಅವರು ಬರೆದಿಟ್ಟ ಪತ್ರದಿಂದ. ಆ ಪತ್ರದಲ್ಲಿ ಮೌಖಿಕ ಆದೇಶದ ಪ್ರಸ್ತಾಪವಿತ್ತೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಹಣದ ಒಂದು ಪಾಲು ಬಳ್ಳಾರಿ ಲೋಕಸಭಾ ಚುನಾವಣೆಗೆ ಬಳಕೆಯಾಯಿತು ಎಂಬುದು ಜಾರಿ ನಿರ್ದೇಶನಾಲಯದ ಆರೋಪ. ಅದು ಆರೋಪವೇ ಹೊರತು ತೀರ್ಪಲ್ಲ, ಯಾರು ತಪ್ಪಿತಸ್ಥರೆಂದು ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ಹೊರೆ ಯಾರ ಹೆಗಲ ಮೇಲೆ ಬಿತ್ತು ಎಂಬುದಕ್ಕೆ ನ್ಯಾಯಾಲಯದ ತೀರ್ಪು ಬೇಕಾಗಿಲ್ಲ.

ಇದು ಇವತ್ತಿನ ಕತೆಯೂ ಅಲ್ಲ. ಇಟಲಿಯ ರೊಮಾನ್ಯ ಪ್ರಾಂತ್ಯವನ್ನು ಹದಕ್ಕೆ ತರಲು, ಅದನ್ನು ಗೆದ್ದಿದ್ದ ಚೆಸಾರೆ ಬೋರ್ಜಿಯಾ ಕ್ರೂರನೆಂದು ಹೆಸರಾದ ರಮೀರೊ ದೆ ಓರ್ಕೋನಿಗೆ ಪೂರ್ಣ ಅಧಿಕಾರ ಕೊಟ್ಟ. ಪ್ರಾಂತ್ಯ ಶಾಂತವಾಯಿತು, ಜನರ ಸಿಟ್ಟು ಮಾತ್ರ ಉಳಿಯಿತು. 1502ರ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಚೆಸೇನಾ ಊರಿನ ಚೌಕದಲ್ಲಿ, ಬೋರ್ಜಿಯಾನೇ ಕೊಲ್ಲಿಸಿದ ಅದೇ ರಮೀರೊನ ದೇಹ ಎರಡು ತುಂಡಾಗಿ ಬಿದ್ದಿತ್ತು. ಆ ಕಾಲದ ರಾಜನೀತಿ ಲೇಖಕ ಮೆಕಿಯಾವೆಲ್ಲಿ ಇದನ್ನು ಜಾಣತನವೆಂದು ಮೆಚ್ಚಿಕೊಂಡಿದ್ದಾನೆ. ಅವನನ್ನು ಉದಾಹರಿಸುವವರು ಮುಂದಿನದನ್ನು ಹೇಳುವುದಿಲ್ಲ: ಎಂಟು ತಿಂಗಳಲ್ಲಿ, 1503ರ ಆಗಸ್ಟಿನಲ್ಲಿ, ಪೋಪನಾಗಿದ್ದ ತಂದೆ ಸತ್ತದ್ದೇ ತಡ, ಬೋರ್ಜಿಯಾನ ರಾಜ್ಯ ಕುಸಿಯತೊಡಗಿತು.

ನಮ್ಮಲ್ಲಿ ಮೆಕಿಯಾವೆಲ್ಲಿಗಿಂತ ಚಾಣಕ್ಯನ ಹೆಸರು ಹೆಚ್ಚು ಬಳಕೆಯಲ್ಲಿದೆ. ಎದುರು ಪಕ್ಷದ ಶಾಸಕರನ್ನು ರಾತ್ರೋರಾತ್ರಿ ಸೆಳೆದವನನ್ನು ‘ಚಾಣಕ್ಯ’ ಎಂದು ಪತ್ರಿಕೆಗಳೇ ಹೊಗಳುತ್ತವೆ, ಇದು ಸಂಪಾದಕರೂ ಯೋಚಿಸಬೇಕಾದ ಸಂಗತಿ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಕಂಡುಹಿಡಿದು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ ಕುಟಿಲೋಪಾಯಗಳು ಬೇಕಾದಷ್ಟಿವೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಬೊಕ್ಕಸ ಬರಿದಾದಾಗ ಸುಳ್ಳು ಪವಾಡ ತೋರಿಸಿ ಜನರಿಂದ ಹಣ ಎತ್ತುವುದನ್ನೂ ಐದನೆಯ ಅಧಿಕರಣ ಹೇಳಿಕೊಡುತ್ತದೆ. ಆದರೆ ಅದೇ ಅಧ್ಯಾಯ ಬೇಲಿಯನ್ನೂ ಹಾಕಿದೆ. ಸಂಕಟಕಾಲದ ವಿಶೇಷ ವಸೂಲಿ ಒಂದೇ ಸಲ, ಎರಡನೆಯ ಸಲ ಇಲ್ಲ. ಇಂಥ ಉಪಾಯಗಳು ರಾಜದ್ರೋಹಿಗಳ, ಅಧರ್ಮಿಗಳ ಮೇಲೆ ಮಾತ್ರ, ಬೇರೆಯವರ ಮೇಲೆ ಅಲ್ಲ. ಇನ್ನೊಂದು ಕಡೆ ಅಧಿಕಾರಿಗಳು ಸರ್ಕಾರಿ ಹಣ ನುಂಗುವ ನಲವತ್ತು ಬಗೆಗಳನ್ನು ಪಟ್ಟಿ ಮಾಡಿ, ಅವನ್ನು ತಡೆಯಲು ಲೆಕ್ಕಪತ್ರದ ಬಿಗಿ ಕ್ರಮವನ್ನೂ ವಿಧಿಸುತ್ತದೆ. ಕೌಟಿಲ್ಯನ, ಅಂದರೆ ಚಾಣಕ್ಯನ, ವ್ಯವಸ್ಥೆಯ ದೌರ್ಬಲ್ಯವಿರುವುದು ಆ ಬೇಲಿಯಲ್ಲೇ. ಒಂದೇ ಸಲ ಎಂದು ಎಣಿಸುವವನು ರಾಜ, ಯಾರು ದ್ರೋಹಿ ಎಂದು ತೀರ್ಮಾನಿಸುವವನೂ ರಾಜ. ಹೊರಗಿನಿಂದ ಎಣಿಸುವವನು ಇಲ್ಲದಿದ್ದರೆ ‘ಈ ಒಂದು ಸಲ’ ಎಂಬುದು ಪ್ರತಿವರ್ಷ ಬರುತ್ತದೆ.

ಕೌಟಿಲ್ಯನನ್ನು ಚಂದ್ರಗುಪ್ತನ ಮಂತ್ರಿ ಎಂದು ಪರಂಪರೆ ಹೇಳುತ್ತದೆ. ಆ ಚಂದ್ರಗುಪ್ತನ ಮೊಮ್ಮಗ ಅಶೋಕನ ಶಾಸನಗಳು ನಮ್ಮ ನೆಲದಲ್ಲೇ ಇವೆ: ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಸಿರುಗುಪ್ಪ ಕಡೆಯ ನಿಟ್ಟೂರು, ಉಡೇಗೋಳ. 1915ರಲ್ಲಿ ಸಿಕ್ಕ ಮಸ್ಕಿಯ ಬಂಡೆಯಲ್ಲಿ ‘ಅಶೋಕ’ ಎಂಬ ಹೆಸರು ಇದ್ದದ್ದರಿಂದಲೇ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂದು ಕರೆದುಕೊಂಡ ರಾಜ ಯಾರೆಂಬುದು ಖಚಿತವಾಯಿತು. ಕಳಿಂಗ ಯುದ್ಧದ ಮಾತು ಇರುವುದು ಈ ಕಿರುಶಾಸನಗಳಲ್ಲಲ್ಲ, ಬೇರೆ ಕಡೆಯ ಹದಿಮೂರನೆಯ ಬಂಡೆಶಾಸನದಲ್ಲಿ. ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ದದ್ದು, ಒಂದು ಲಕ್ಷ ಜನ ಹತರಾದದ್ದು, ಅದರ ಎಷ್ಟೋ ಪಟ್ಟು ಜನ ಸತ್ತದ್ದನ್ನು ಗೆದ್ದ ರಾಜನೇ ಕೆತ್ತಿಸಿದ್ದಾನೆ. ಸಾಮ್ರಾಜ್ಯ ಒಂದಾಯಿತು, ಶಾಂತಿ ಬಂತು, ಆದ್ದರಿಂದ ಸರಿ ಎಂಬ ಸಮರ್ಥನೆ ಅಲ್ಲಿಲ್ಲ. ಹಾಗೆಂದು ಅಶೋಕನನ್ನು ಪೂರ್ತಿ ಹೊಗಳಲೂ ಆಗದು. ಆ ಹದಿಮೂರನೆಯ ಶಾಸನ ಕಳಿಂಗದ ಧೌಳಿ, ಜೌಗಡಗಳಲ್ಲಿ ಇಲ್ಲ. ಸಾಮ್ರಾಜ್ಯದ ಉಳಿದ ಭಾಗಕ್ಕೆ ಹೇಳಿದ್ದನ್ನು ಸೋತ ಜನರ ಊರಲ್ಲಿ ಹೇಳಲಿಲ್ಲ. ಕಳಿಂಗವನ್ನು ಬಿಟ್ಟೂ ಕೊಡಲಿಲ್ಲ.

ಬಳ್ಳಾರಿಯ ಅಕ್ರಮ ಗಣಿಯ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಒಂದೇ ಅಂಶಕ್ಕೆ ನಿಲ್ಲುತ್ತೇನೆ. 2009ರ ಆಗಸ್ಟಿಗೆ ಮೊದಲು ಕಬ್ಬಿಣದ ಅದಿರಿಗೆ ಸರ್ಕಾರಕ್ಕೆ ಕಟ್ಟುವ ರಾಯಧನ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ ಇದ್ದಾಗ, ಹೊರದೇಶದಲ್ಲಿ ಅದೇ ಟನ್ನಿಗೆ ಸಾವಿರಾರು ರೂಪಾಯಿ ಸಿಗುತ್ತಿತ್ತು. ‘ಜಿಲ್ಲೆ ಬೆಳೆಯುತ್ತಿದೆ, ಸಾವಿರಾರು ಜನರಿಗೆ ಕೆಲಸ ಸಿಕ್ಕಿದೆ’ ಎಂಬ ಮಾತಿನ ಮರೆಯಲ್ಲಿ ಒಂದೇ ಪರ್ಮಿಟ್ಟಿನಲ್ಲಿ ಹಲವು ಟ್ರಿಪ್ಪು, ಮಿತಿಮೀರಿದ ಲೋಡು, ಗುತ್ತಿಗೆಯ ಗಡಿಯಾಚೆ ಅಗೆದ ಅದಿರಿಗೆ ಗಡಿಯೊಳಗಿನ ಪರ್ಮಿಟ್ಟು, ಎಲ್ಲ ನಡೆದವು. ಲಂಚ ಕೊಟ್ಟರೆ ದಾರಿಯುದ್ದಕ್ಕೂ ಯಾರೂ ತಡೆಯದ ಏರ್ಪಾಟನ್ನು 2011ರ ಲೋಕಾಯುಕ್ತ ವರದಿ ‘ಝೀರೊ ರಿಸ್ಕ್’ ಎಂಬ ಹೆಸರಿನಲ್ಲೇ ದಾಖಲಿಸಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿದಾಗ ಕಳ್ಳನ ಜೊತೆ ಪ್ರಾಮಾಣಿಕನ ಗಣಿಯೂ ನಿಂತಿತು. ಸಾಲ ಮಾಡಿ ಲಾರಿ ಕೊಂಡವನು, ದಿನಗೂಲಿಯವನು ಬೀದಿಗೆ ಬಂದರು. ಒಳ್ಳೆಯವರನ್ನು ಬಿಟ್ಟು ಕೆಟ್ಟವರನ್ನು ಮಾತ್ರ ನಿಲ್ಲಿಸಬಹುದಿತ್ತಲ್ಲ ಎಂದು ಈಗಲೂ ಕೇಳುವವರಿದ್ದಾರೆ. ಆಗ ಅದು ಸಾಧ್ಯವಿರಲಿಲ್ಲ. ಪರ್ಮಿಟ್ಟು, ಗಡಿಕಲ್ಲು, ತೂಕದ ಚೀಟಿ, ಯಾವುದನ್ನೂ ನಂಬುವಂತಿರಲಿಲ್ಲ. ಒಂದೊಂದು ಗಣಿಯ ಗಡಿಯನ್ನೂ ಹೊಸದಾಗಿ ಅಳೆದು, ಗಡಿಯಾಚೆ ಅಗೆದದ್ದು ಎಷ್ಟು ಪಾಲು, ಮಣ್ಣು ಸುರಿದದ್ದು ಎಷ್ಟು ಪಾಲು ಎಂದು ಲೆಕ್ಕ ಹಾಕಿ, ಸುಪ್ರೀಂ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ ಎ, ಬಿ, ಸಿ ಎಂದು ವಿಂಗಡಿಸಬೇಕಾಯಿತು. ಅಗೆತ ಶೇ 10ನ್ನು ಅಥವಾ ಮಣ್ಣಿನ ರಾಶಿ ಶೇ 15ನ್ನು ಮೀರಿದ್ದರೆ ಸಿ. ಆ ಗುತ್ತಿಗೆಗಳು ರದ್ದಾದದ್ದು 2013ರ ಏಪ್ರಿಲ್ 18ರ ತೀರ್ಪಿನಲ್ಲಿ. ಅಡ್ಡದಾರಿ ಮೊದಲು ಕೆಡಿಸುವುದು ದಾಖಲೆಯನ್ನು, ದಾಖಲೆ ಕೆಟ್ಟ ಮೇಲೆ ನ್ಯಾಯ ಮಾಡಬೇಕೆಂದು ಬಂದವನಿಗೂ ಕೈಗೆ ಹಿಡಿತ ಸಿಗುವುದಿಲ್ಲ.

ಇನ್ನು ನನ್ನ ವಾದಕ್ಕೆ ಎದುರಾಗುವ ಗಟ್ಟಿಯಾದ ಪ್ರಶ್ನೆ. ಜೀವಗಳು ಅಪಾಯದಲ್ಲಿದ್ದಾಗ ಸರ್ಕಾರ ಕಾಗದ ಹಿಡಿದು ಕೂರಬೇಕೆ? 2000ದ ಜುಲೈ 30ರಂದು ಕಾಡುಗಳ್ಳ ವೀರಪ್ಪನ್‌ನಿಂದ ಡಾ. ರಾಜ್‌ಕುಮಾರ್ ಅಪಹರಣವಾದಾಗ ಇಡೀ ನಾಡು ಇದೇ ಪ್ರಶ್ನೆಯ ಮುಂದೆ ನಿಂತಿತ್ತು. ಅವರನ್ನು ಉಳಿಸಿಕೊಳ್ಳಲು, ಗಲಭೆ ತಪ್ಪಿಸಲು, ಮೈಸೂರು ಜೈಲಿನಲ್ಲಿದ್ದ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಆರೋಪಿಗಳ ಮೇಲಿನ ಮೊಕದ್ದಮೆ ಹಿಂತೆಗೆಯಲು ಸರ್ಕಾರ ಹೊರಟಿತು. ಆ ಆತಂಕವನ್ನು ಹಗುರಾಗಿ ಕಾಣಲು ನನಗೆ ಮನಸ್ಸಿಲ್ಲ. ಆದರೆ ಮೊಕದ್ದಮೆ ಹಿಂತೆಗೆಯಲು ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಹಾಕಲೇಬೇಕು. ಅರ್ಜಿ ಇದ್ದುದರಿಂದಲೇ ವೀರಪ್ಪನ್ ತಂಡದಿಂದ ಹತ್ಯೆಯಾದ ಪೊಲೀಸ್ ಅಧಿಕಾರಿಯ ತಂದೆ ಅಬ್ದುಲ್ ಕರೀಂ ಅದನ್ನು ಪ್ರಶ್ನಿಸಲು ಸಾಧ್ಯವಾಯಿತು. ನವೆಂಬರ್ 7ರಂದು ಸುಪ್ರೀಂ ಕೋರ್ಟು ಹಿಂತೆಗೆತವನ್ನು ತಳ್ಳಿಹಾಕಿತು. ನವೆಂಬರ್ 15ರಂದು, 108 ದಿನಗಳ ನಂತರ, ರಾಜ್‌ಕುಮಾರ್ ಬಿಡುಗಡೆಯಾದರು. ಮಗನನ್ನು ಕಳೆದುಕೊಂಡ ಒಬ್ಬ ತಂದೆಯ ಮಾತಿಗೂ ಆ ನಿರ್ಧಾರದಲ್ಲಿ ಜಾಗ ಸಿಕ್ಕಿತು. ಬಿಡುಗಡೆಗಾಗಿ ಹಣ ಸಂದಾಯವಾಯಿತು ಎಂಬ ಆರೋಪದ ಗತಿ ಹಾಗಾಗಲಿಲ್ಲ. ಅದನ್ನು ಪರೀಕ್ಷಿಸಲು ಯಾರ ಕೈಗೂ ಕಾಗದ ಸಿಗದೆ ಇವತ್ತಿಗೂ ಬರೀ ಮಾತಾಗಿ ಉಳಿದಿದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ಕಡಿದಾಗಲೂ ಸಮಯವಿರಲಿಲ್ಲ. ತುಂಬಿದ ಜಲಾಶಯದ ನೀರನ್ನು ರೈತರ ಕಣ್ಣೆದುರೇ ನದಿಗೆ ಬಿಡಬೇಕಾಯಿತು. ಎಷ್ಟು ಕ್ಯೂಸೆಕ್ ಹೊರಗೆ, ಎಷ್ಟು ಟಿಎಂಸಿ ಉಳಿಕೆ ಎಂಬುದು ದಿನದಿನವೂ ಪ್ರಕಟವಾಯಿತು, ಸುಮಾರು ಒಂದು ವಾರದಲ್ಲಿ ಗೇಟಿನ ಬದಲಿಗೆ ನೀರು ತಡೆಯುವ ಸ್ಟಾಪ್‌ಲಾಗ್ ಇಳಿಸಲಾಯಿತು. ರೈತರಿಗೆ ನೋವಾಯಿತು, ನಿರ್ವಹಣೆಯ ಬಗ್ಗೆ ಸಿಟ್ಟೂ ಬಂತು, ಆ ಸಿಟ್ಟಿಗೆ ಕಾರಣವೂ ಇತ್ತು. ಆದರೆ ನೀರು ಬಿಟ್ಟದ್ದು ಮೋಸವೆಂದು ಯಾರೂ ಹೇಳಲಿಲ್ಲ. ತುರ್ತು ಮತ್ತು ಗುಟ್ಟು ಒಂದೇ ಅಲ್ಲವೆನ್ನಲು ನನಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಹೇಳಲು ಕಷ್ಟವಾದ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ನೆನಪಿಗೆ ರಾಯಚೂರು, ಕೊಪ್ಪಳದವರು ಸೆಪ್ಟೆಂಬರ್ 17ನ್ನು ಹೆಮ್ಮೆಯಿಂದ ಆಚರಿಸುತ್ತೇವೆ, ಆಚರಿಸಬೇಕು. ನಿಜಾಮನ ಪರವಾದ ಸಶಸ್ತ್ರ ಪಡೆ ರಜಾಕಾರರು ಮಾಡಿದ ಹಿಂಸೆ ನಿಜ, ವಿಲೀನದ ಗುರಿ ನ್ಯಾಯವಾದದ್ದು. ಆದರೆ 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಹೈದರಾಬಾದ್ ಸಂಸ್ಥಾನದಲ್ಲಿ ಮುಸ್ಲಿಮರ ಮೇಲೆ ನಡೆದ ಹತ್ಯೆಗಳನ್ನು ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ದಾಖಲಿಸಿ, ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ಕಲಬುರಗಿ, ಬೀದರ್, ಉಸ್ಮಾನಾಬಾದ್, ನಾಂದೇಡ್ ಹೆಚ್ಚು ನೊಂದ ಜಿಲ್ಲೆಗಳು. ಆ ವರದಿಯನ್ನು ಸರ್ಕಾರ ಪ್ರಕಟಿಸದೆ ದಶಕಗಳ ಕಾಲ ಒಳಗಿಟ್ಟಿತು. ಹೊಸ ದೇಶದ ಐಕ್ಯಕ್ಕೆ ಧಕ್ಕೆ ಬರಬಾರದೆಂಬ ಒಳ್ಳೆಯ ಉದ್ದೇಶ ಅದರ ಹಿಂದೆ ಇದ್ದಿರಬಹುದು. ಅದರಿಂದಾದದ್ದು, ಎರಡು ಸಮುದಾಯಗಳ ಮನೆಗಳಲ್ಲಿ ಎರಡು ಬೇರೆ ಬೇರೆ ಇತಿಹಾಸಗಳು ಪಿಸುಮಾತಿನಲ್ಲಿ ಬೆಳೆದವು. ಯಾವುದನ್ನು ಯಾವುದರ ಪಕ್ಕ ಇಟ್ಟು ತೂಗಬೇಕೆಂದು ಮೂರು ತಲೆಮಾರಿಗೆ ತಿಳಿಯದೆ ಹೋಯಿತು.

ಕಾಲುವೆಯ ವಿಷಯಕ್ಕೆ ಮೂರು ಕೆಲಸಗಳನ್ನು ಈ ಹಂಗಾಮಿನಿಂದಲೇ ಶುರು ಮಾಡಬಹುದು. ಹೊಸ ಕಾನೂನು ಬೇಕಿಲ್ಲ. ಮುನಿರಾಬಾದಿನ ನೀರಾವರಿ ಸಲಹಾ ಸಮಿತಿ ಸಭೆಯ ನಡಾವಳಿಯನ್ನು, ಯಾರು ಏನು ವಿರೋಧಿಸಿದರು ಎಂಬುದೂ ಸೇರಿ, ಪ್ರಕಟಿಸಬೇಕು. ಮೈಲ್ 47, 69, 104ರ ಗೇಜನ್ನು ಬೆಳಿಗ್ಗೆ ಸಂಜೆ ಬರೆದು, ಕಾಲುವೆ ಹಾಯುವ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಬೇಕು. ಎರಡು ಗೇಜುಗಳ ನಡುವೆ ಸೋರಿಕೆಯ ಲೆಕ್ಕ ಮೀರಿ ನೀರು ಕಡಿಮೆಯಾದರೆ ಯಾವ ಭಾಗದಲ್ಲಿ ಹೋಯಿತೆಂದು ರೈತರೇ ಹೇಳುತ್ತಾರೆ. ವಿತರಣಾ ಕಾಲುವೆಯ ಗೇಟು ಎತ್ತಲು, ಇಳಿಸಲು, ಮೋಟಾರು ಬಿಡಲು ಫೋನಿನಲ್ಲಿ ಬಂದ ಸೂಚನೆಯನ್ನು ಕೊಟ್ಟವರ ಹೆಸರು ಮತ್ತು ವೇಳೆ ಸಮೇತ ರಿಜಿಸ್ಟರಿನಲ್ಲಿ ಬರೆಯಬೇಕು, ಅದನ್ನು ನೋಡಲು ಕೇಳಿದವರಿಗೆ ಕೊಡಬೇಕು. ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಡಿ) ಪ್ರಕಾರ ಆಡಳಿತಾತ್ಮಕ ನಿರ್ಧಾರದ ಕಾರಣವನ್ನು ಬಾಧಿತರಿಗೆ ತಿಳಿಸುವುದು ಇಲಾಖೆಯ ಕರ್ತವ್ಯ, ಅದಕ್ಕೆ ಅರ್ಜಿಯೂ ಬೇಕಾಗಿಲ್ಲ. ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ರೈತ ಸಂಘಟನೆಗಳು ಮುಂದಿನ ಸಲಹಾ ಸಮಿತಿ ಸಭೆಗೆ ಮೊದಲೇ ಈ ಕಲಮನ್ನು ಉಲ್ಲೇಖಿಸಿ, ಕಳೆದ ಹಂಗಾಮಿನಲ್ಲಿ ಕೊನೆಭಾಗಕ್ಕೆ ನೀರು ನಿಂತ ಪ್ರತಿಯೊಂದು ದಿನದ ಕಾರಣವನ್ನು ಮುಖ್ಯ ಎಂಜಿನಿಯರರಿಂದ ಬರವಣಿಗೆಯಲ್ಲಿ ಕೇಳಬೇಕು.

ಇಂತಿ,
ತಮ್ಮ ಓದುಗ,
ಸಿಂಧನೂರು, ರಾಯಚೂರು ಜಿಲ್ಲೆ